ಛಾಯಾಚಿತ್ರದಿಂದ ಅಳತೆಪಟಕ್ಕೆ: ಗಡಿನಾಡಿನ ವಾಹನಬರಹದ ಚರಿತ್ರೆಗೆ ಒಂದು ಪ್ರವೇಶ

ಗಡಿನಾಡಿನ ಕನ್ನಡದ ಸ್ಥಿತಿಗತಿಯನ್ನು ಕುರಿತ ಚರ್ಚೆಗಳು ಬಹುಮಟ್ಟಿಗೆ ಶಾಲೆ, ಜನಗಣತಿ ಮತ್ತು ಆಡಳಿತಪತ್ರಗಳ ಸುತ್ತ ನಡೆಯುತ್ತ ಬಂದಿವೆ. ದಿನನಿತ್ಯ ಸಾವಿರಾರು ಜನರು ಓದುವ ಬರಹವೊಂದು ಈ ಚರ್ಚೆಗಳಲ್ಲಿ ಅಪರೂಪವಾಗಿ ಕಾಣಿಸಿಕೊಳ್ಳುತ್ತದೆ. ಅದು ಬಸ್ಸು, ಲಾರಿ, ವ್ಯಾನು, ಆಟೋರಿಕ್ಷಾಗಳ ಮೈಮೇಲಿನ ಬರಹ. ಮಂಗಳೂರಿನಿಂದ ಕಾಸರಗೋಡಿಗೆ, ಬೆಂಗಳೂರಿನಿಂದ ಹೊಸೂರಿಗೆ, ವಿಜಯಪುರದಿಂದ ಸೊಲ್ಲಾಪುರಕ್ಕೆ, ಬಳ್ಳಾರಿಯಿಂದ ರಾಯದುರ್ಗಕ್ಕೆ ಹೋಗಿಬರುವ ವಾಹನಗಳು ಎರಡು ಲಿಪಿಗಳ ನಡುವಿನ ಗಡಿಯನ್ನು ದಿನಕ್ಕೆ ಹಲವು ಬಾರಿ ದಾಟುತ್ತವೆ. ಅವುಗಳ ಮೇಲೆ ಯಾವ ಲಿಪಿ, ಯಾವ ಸ್ಥಾನದಲ್ಲಿ, ಎಷ್ಟು ಎತ್ತರದಲ್ಲಿ ಇರಬೇಕೆಂಬುದು ಬಣ್ಣ ಬಳಿಯುವ ಹೊತ್ತಿಗೆ ತೀರ್ಮಾನವಾಗುವ ಸಂಗತಿಯಲ್ಲ. ಅದಕ್ಕೆ ಮುಂಚೆಯೇ, ವಾಹನದ ಆಕಾರವನ್ನು ಕಾಗದದ ಮೇಲೋ ಗಣಕದ ಪರದೆಯ ಮೇಲೋ ಪ್ರಮಾಣಬದ್ಧವಾಗಿ ಇಳಿಸುವ ಹಂತದಲ್ಲಿ, ಅದು ತೀರ್ಮಾನವಾಗಿರುತ್ತದೆ. ವೃತ್ತಿಯವರು ‘ಟೆಂಪ್ಲೇಟ್’ ಎಂದು ಕರೆಯುವ ಈ ಪ್ರಮಾಣಚಿತ್ರವನ್ನು ‘ಅಳತೆಪಟ’ ಎನ್ನಬಹುದು. ಛಾಯಾಚಿತ್ರದಿಂದ ಅಳತೆಪಟವನ್ನು ತೆಗೆಯುವ ವಿದ್ಯೆಯ ಚರಿತ್ರೆಯನ್ನು ಪರಿಶೀಲಿಸಿದರೆ ಎರಡು ಸಂಗತಿಗಳು ಸ್ಪಷ್ಟವಾಗುತ್ತವೆ: ಲಿಪಿಗಳ ಪಾಲು ನಿಗದಿಯಾಗುವ ಬಗೆ ಒಂದು, ಅಳಿದುಹೋದ ಬರಹವನ್ನು ಅದೇ ವಿದ್ಯೆಯಿಂದ ಮತ್ತೆ ಅಳೆಯಬಹುದಾದ ಸಾಧ್ಯತೆ ಇನ್ನೊಂದು.

ಕೈಬರಹದ ಕಾಲ

ಭಾರತದಲ್ಲಿ ಬಸ್ಸು, ಲಾರಿಗಳು ಬಹುಕಾಲ ಪೂರ್ಣ ವಾಹನಗಳಾಗಿ ಕಾರ್ಖಾನೆಯಿಂದ ಹೊರಬರುತ್ತಿರಲಿಲ್ಲ. 1950ರ ದಶಕದಿಂದ ಟಾಟಾ ಮತ್ತು ಅಶೋಕ್ ಲೇಲ್ಯಾಂಡ್ ಸಂಸ್ಥೆಗಳು ಹೆಚ್ಚಾಗಿ ಮಾರುತ್ತಿದ್ದುದು ಎಂಜಿನ್ನು, ಚಕ್ರ, ಚೌಕಟ್ಟುಗಳುಳ್ಳ ಚಾಸಿಯನ್ನು. ಅದರ ಮೇಲೆ ಮೈ ಕಟ್ಟುವ ಕೆಲಸ ಸಾರಿಗೆ ಸಂಸ್ಥೆಗಳ ಸ್ವಂತ ಕಾರ್ಯಾಗಾರಗಳಲ್ಲೋ ಊರೂರಿನ ಬಾಡಿ ಕಟ್ಟುವವರ ಬಳಿಯೋ ನಡೆಯುತ್ತಿತ್ತು. ಒಂದೇ ಚಾಸಿಯ ಮೇಲೆ ಎರಡು ಊರುಗಳಲ್ಲಿ ಕಟ್ಟಿದ ಬಸ್ಸುಗಳ ಕಿಟಕಿಯ ಸಾಲು, ಬಾಗಿಲಿನ ಸ್ಥಾನ, ತಲೆಯ ಮೇಲಿನ ಬೋರ್ಡಿನ ಎತ್ತರ ಬೇರೆಬೇರೆಯಾಗಿರುತ್ತಿದ್ದವು. ಹೀಗಾಗಿ ಒಂದು ವಾಹನಕ್ಕೆ ತೆಗೆದ ಅಳತೆ ಇನ್ನೊಂದಕ್ಕೆ ಹೊಂದುತ್ತಿರಲಿಲ್ಲ. ಪಾಶ್ಚಾತ್ಯ ದೇಶಗಳಲ್ಲಿ ಫಲಕ ಬರೆಯುವವರ ಬಳಕೆಗಾಗಿ ಕಾರು, ವ್ಯಾನುಗಳ ಸಿದ್ಧ ರೇಖಾಚಿತ್ರಗಳ ಸಂಗ್ರಹಗಳು ಮಾರಾಟವಾಗುವಂತಾಗಲು ಅಲ್ಲಿನ ವಾಹನಗಳು ಒಂದೇ ಅಚ್ಚಿನವಾಗಿದ್ದುದು ಕಾರಣ. ಇಲ್ಲಿ ಪೇಂಟರನ ಮುಂದೆ ನಿಲ್ಲುತ್ತಿದ್ದ ಪ್ರತಿಯೊಂದು ಬಸ್ಸೂ ಹೊಸ ಹಾಳೆಯೇ ಆಗಿತ್ತು.

ಪೇಂಟರು ನೇರವಾಗಿ ವಾಹನದ ಮೈಮೇಲೆಯೇ ಅಳತೆ ಮಾಡುತ್ತಿದ್ದ. ಸುಣ್ಣದ ಅಥವಾ ಸೀಮೆಸುಣ್ಣದ ಪುಡಿ ಸವರಿದ ದಾರವನ್ನು ಎರಡು ತುದಿಗಳಲ್ಲಿ ಬಿಗಿಹಿಡಿದು ಚಿಮ್ಮಿಸಿ ಗೆರೆ ಮೂಡಿಸುವುದು, ಗೇಣು ಬೆರಳುಗಳಿಂದ ಅಕ್ಷರದ ಅಗಲವನ್ನು ಹಂಚಿಕೊಳ್ಳುವುದು, ಸೀಮೆಸುಣ್ಣದಿಂದ ಹಗುರವಾಗಿ ಅಕ್ಷರಗಳನ್ನು ಗೀಚಿ ನಂತರ ಎನಾಮಲ್ ಬಣ್ಣದ ಕುಂಚ ಆಡಿಸುವುದು ರೂಢಿಯ ಕ್ರಮ. ಒಂದೇ ಲಾಂಛನವನ್ನು ಹಲವು ವಾಹನಗಳ ಮೇಲೆ ಬರೆಯಬೇಕಾದಾಗ ಕಾಗದದ ಮೇಲೆ ಚಿತ್ರ ಬರೆದು, ಗೆರೆಗಳ ಉದ್ದಕ್ಕೂ ಸೂಜಿಯಿಂದ ತೂತು ಮಾಡಿ, ಮೇಲೆ ಪುಡಿ ತಟ್ಟಿ ಗುರುತು ಇಳಿಸಿಕೊಳ್ಳುವುದೂ ಇತ್ತು. ತೂತಿನ ರಂಗೋಲಿ ಅಚ್ಚನ್ನು ಬಲ್ಲ ನಾಡಿನಲ್ಲಿ ಇದು ಹೊಸ ಉಪಾಯವೇನೂ ಅಲ್ಲ. ಸಣ್ಣ ಚಿತ್ರವನ್ನು ಹಿಗ್ಗಿಸಲು ಚೌಕಳಿ ಎಳೆದು, ಚಿತ್ರದ ಒಂದೊಂದು ಚೌಕದಲ್ಲಿದ್ದುದನ್ನು ವಾಹನದ ಮೇಲಿನ ಒಂದೊಂದು ದೊಡ್ಡ ಚೌಕಕ್ಕೆ ಸಾಗಿಸುತ್ತಿದ್ದರು. ಇಟಲಿಯ ಲಿಯೋನ್ ಬಟಿಸ್ಟಾ ಆಲ್ಬರ್ಟಿ ಚಿತ್ರಕಲೆಯನ್ನು ಕುರಿತ ತನ್ನ 1435ರ ಗ್ರಂಥದಲ್ಲಿ ನೂಲುಗಳಿಂದ ಚೌಕಗಳಾಗಿ ವಿಂಗಡಿಸಿದ ಪರದೆಯ ಮೂಲಕ ವಸ್ತುವನ್ನು ನೋಡಿ ಬರೆಯುವ ವಿಧಾನವನ್ನು ವಿವರಿಸಿದ್ದಾನೆ. ಚೌಕಳಿಯ ತರ್ಕ ಎರಡೂ ಕಡೆ ಒಂದೇ.

ಕೈಬರಹದ ಈ ಕ್ರಮದಲ್ಲಿ ಕನ್ನಡಕ್ಕೆ ಒಂದು ಅನುಕೂಲವಿತ್ತು. ಕನ್ನಡ ಪದದಲ್ಲಿ ಒತ್ತಕ್ಷರ ಬಂದರೆ ಅದನ್ನು ಎಲ್ಲಿ ಸೇರಿಸಬೇಕೆಂಬುದನ್ನು ಪೇಂಟರು ಸ್ಥಳದಲ್ಲೇ ನಿರ್ಧರಿಸಬಹುದಿತ್ತು. ಒತ್ತನ್ನು ಸ್ವಲ್ಪ ಕಿರಿದಾಗಿಸಿ, ಬಲಕ್ಕೆ ಸರಿಸಿ, ಕೆಳಗಿನ ಸಾಲಿನ ಎರಡು ಅಕ್ಷರಗಳ ನಡುವಿನ ತೆರವಿಗೆ ಇಳಿಬಿಟ್ಟು ಮೂಲಾಕ್ಷರದ ಗಾತ್ರವನ್ನು ಕಾಯ್ದುಕೊಳ್ಳಬಹುದಿತ್ತು. ಅಳತೆಪಟವು ವಾಹನದಿಂದ ಬೇರ್ಪಟ್ಟು ಮೇಜಿಗೆ ಬಂದ ಮೇಲೆ ಈ ಸ್ವಾತಂತ್ರ್ಯ ಕುಗ್ಗಿತು.

ಚಿತ್ರದೊಳಗಿನ ಅಳತೆ

ಛಾಯಾಚಿತ್ರದಿಂದ ನಿಜವಾದ ಅಳತೆಯನ್ನು ಪಡೆಯುವ ಪ್ರಯತ್ನವು ವಾಹನಗಳಿಗಿಂತ ಹಳೆಯದು. ಫ್ರಾನ್ಸಿನ ಸೇನಾ ಎಂಜಿನಿಯರ್ ಎಮೆ ಲೋಸೆದಾ 19ನೆಯ ಶತಮಾನದ ನಡುಭಾಗದಲ್ಲಿ ದೃಶ್ಯಚಿತ್ರಗಳಿಂದಲೂ ಮುಂದೆ ಛಾಯಾಚಿತ್ರಗಳಿಂದಲೂ ಭೂಮಾಪನ ಮಾಡುವ ವಿಧಾನವನ್ನು ರೂಪಿಸಿದ. ಜರ್ಮನಿಯಲ್ಲಿ ಆಲ್ಬ್ರೆಕ್ಟ್ ಮೈಡೆನ್‌ಬಾವರ್ ಎಂಬ ತರುಣ ವಾಸ್ತುಶಿಲ್ಪಿ 1858ರಲ್ಲಿ ವೆಟ್ಸ್‌ಲಾರ್ ನಗರದ ಪ್ರಧಾನ ಇಗರ್ಜಿಯ ಅಳತೆ ತೆಗೆಯುವಾಗ ಎತ್ತರದಿಂದ ಬೀಳುವುದರಲ್ಲಿದ್ದು ಪಾರಾದ. ಕಟ್ಟಡವನ್ನು ಕೈಯಿಂದ ಅಳೆಯುವ ಬದಲು ಅದರ ಛಾಯಾಚಿತ್ರವನ್ನು ಅಳೆಯಬಾರದೇಕೆಂಬ ಆಲೋಚನೆ ಅವನಿಗೆ ಬಂದುದು ಆ ಪ್ರಸಂಗದಿಂದ. ಈ ವಿದ್ಯೆಗೆ ಇಂದಿಗೂ ಬಳಕೆಯಲ್ಲಿರುವ ‘ಫೋಟೋಗ್ರಾಮೆಟ್ರಿ’ ಎಂಬ ಹೆಸರು 1867ರಲ್ಲಿ ಅಚ್ಚಿನಲ್ಲಿ ಬಂದಿತು. 1885ರಲ್ಲಿ ಮೈಡೆನ್‌ಬಾವರನ ನೇತೃತ್ವದಲ್ಲಿ ಬರ್ಲಿನ್ನಿನಲ್ಲಿ ಸ್ಥಾಪನೆಯಾದ ಸರ್ಕಾರಿ ಸಂಸ್ಥೆಯು ಸ್ಮಾರಕಗಳ ಅಳತೆಯೋಗ್ಯ ಛಾಯಾಚಿತ್ರಗಳನ್ನು ವ್ಯವಸ್ಥಿತವಾಗಿ ಸಂಗ್ರಹಿಸಿತು. ಎರಡನೆಯ ಮಹಾಯುದ್ಧದಲ್ಲಿ ಹಾನಿಗೊಂಡ ಕಟ್ಟಡಗಳನ್ನು ಮತ್ತೆ ನಿಲ್ಲಿಸುವಾಗ ಆ ಸಂಗ್ರಹ ನೆರವಿಗೆ ಬಂದಿತು. ಇಲ್ಲದಾದ ವಸ್ತುವಿನ ಅಳತೆಯನ್ನು ಚಿತ್ರವು ಉಳಿಸಿಕೊಡಬಲ್ಲದೆಂಬುದು ಹೀಗೆ ಸಿದ್ಧವಾಯಿತು.

ಇದರ ಹಿಂದಿನ ತತ್ತ್ವ ಸರಳವಾದುದು. ಕ್ಯಾಮೆರಾದ ದೃಷ್ಟಿರೇಖೆಯು ವಾಹನದ ಪಕ್ಕದ ಸಮತಲಕ್ಕೆ ಲಂಬವಾಗಿದ್ದರೆ ಆ ಸಮತಲದ ಮೇಲಿನ ಎಲ್ಲ ಅಳತೆಗಳೂ ಚಿತ್ರದಲ್ಲಿ ಒಂದೇ ಪ್ರಮಾಣದಲ್ಲಿ ಕಿರಿದಾಗುತ್ತವೆ. ಅವುಗಳ ಪೈಕಿ ಒಂದರ ನಿಜವಾದ ಉದ್ದ ತಿಳಿದಿದ್ದರೆ ಉಳಿದವೆಲ್ಲ ತಿಳಿಯುತ್ತವೆ. ವಾಹನಗಳಲ್ಲಿ ಹೀಗೆ ತಿಳಿದಿರುವ ಅಳತೆಯೆಂದರೆ ಮುಂದಿನ ಮತ್ತು ಹಿಂದಿನ ಅಚ್ಚುಗಳ ನಡುವಿನ ದೂರ, ಅಂದರೆ ವೀಲ್‌ಬೇಸ್. ತಯಾರಕರ ವಿವರಪಟ್ಟಿಯಲ್ಲಿ ಇದು ಮಿಲಿಮೀಟರುಗಳಲ್ಲಿ ದೊರೆಯುತ್ತದೆ. ಮೈಯನ್ನು ಯಾರೇ ಕಟ್ಟಿದರೂ ಇದು ಬದಲಾಗುವುದಿಲ್ಲ. ಒಂದು ಬಸ್ಸಿನ ವೀಲ್‌ಬೇಸ್ 5,300 ಮಿ.ಮೀ. ಎಂದೂ ಚಿತ್ರದಲ್ಲಿ ಅದು 265 ಮಿ.ಮೀ. ಬಂದಿದೆಯೆಂದೂ ಇಟ್ಟುಕೊಂಡರೆ ಆ ಚಿತ್ರದ ಪ್ರಮಾಣ 1:20 ಆಗುತ್ತದೆ. ಅದರ ಮೇಲೆ 10 ಮಿ.ಮೀ. ಎತ್ತರಕ್ಕೆ ಬರೆದ ಅಕ್ಷರ ವಾಹನದ ಮೇಲೆ 200 ಮಿ.ಮೀ. ಆಗಿ ನಿಲ್ಲುತ್ತದೆ. ಊರೂರಿಗೂ ಭಿನ್ನವಾದ ಮೈಗಳಿದ್ದ ದೇಶದಲ್ಲಿ ಛಾಯಾಚಿತ್ರದ ವಿಧಾನ ಅನಿವಾರ್ಯವಾದುದು ಈ ಕಾರಣದಿಂದ: ಮೈ ಬದಲಾಗುತ್ತಿತ್ತು, ಚಾಸಿಯ ಅಳತೆ ಬದಲಾಗುತ್ತಿರಲಿಲ್ಲ.

ತತ್ತ್ವ ಸರಳವಾದರೂ ಪ್ರಯೋಗದಲ್ಲಿ ತೊಡಕುಗಳಿವೆ. ಮೊದಲನೆಯದು ಆಳದ ಭೇದ. ವಾಹನದ ಪಕ್ಕ ಪೂರ್ತಿ ಒಂದೇ ಸಮತಲದಲ್ಲಿರುವುದಿಲ್ಲ. ಕನ್ನಡಿ ಮುಂದಕ್ಕೆ ಚಾಚಿರುತ್ತದೆ, ಕೆಲವು ತಗಡುಗಳು ಒಳಕ್ಕೆ ಸರಿದಿರುತ್ತವೆ. ಕ್ಯಾಮೆರಾವನ್ನು 10 ಮೀಟರ್ ದೂರದಲ್ಲಿಟ್ಟು ತೆಗೆದ ಚಿತ್ರದಲ್ಲಿ 20 ಸೆಂ.ಮೀ. ಹಿಂದಿರುವ ಭಾಗವು ಸುಮಾರು ಶೇ. 2ರಷ್ಟು ಚಿಕ್ಕದಾಗಿ ಕಾಣುತ್ತದೆ. 6 ಮೀಟರ್ ಉದ್ದದ ಬರಹದಲ್ಲಿ ಅದು 12 ಸೆಂ.ಮೀ. ತಪ್ಪಾಗುತ್ತದೆ. 40 ಮೀಟರ್ ದೂರಕ್ಕೆ ಸರಿದು, ದೂರವನ್ನು ಹತ್ತಿರ ತರುವ ಮಸೂರದಿಂದ ಅದೇ ಚಿತ್ರವನ್ನು ತೆಗೆದರೆ ತಪ್ಪು 3 ಸೆಂ.ಮೀ.ಗೆ ಇಳಿಯುತ್ತದೆ. ದೂರ ನಿಂತು ತೆಗೆಯಬೇಕೆಂಬ ವೃತ್ತಿಯ ನಿಯಮಕ್ಕೆ ಇದೇ ಆಧಾರ. ಎರಡನೆಯದು ಮಸೂರದ ದೋಷ. ಅಗಲ ನೋಟದ ಮಸೂರಗಳು ಅಂಚಿನ ನೇರ ಗೆರೆಗಳನ್ನು ಹೊರಕ್ಕೆ ಬಾಗಿಸುತ್ತವೆ. ಆದ್ದರಿಂದ ವಾಹನವನ್ನು ಚೌಕಟ್ಟಿನ ನಡುವೆ ಇರಿಸಿ ಸುತ್ತಲೂ ಜಾಗ ಬಿಡಬೇಕಾಗುತ್ತದೆ. ಮೂರನೆಯದು ಓರೆ. ಗ್ಯಾರೇಜಿನ ಇಕ್ಕಟ್ಟಿನಲ್ಲಿ ಬದಿಯಿಂದ ತೆಗೆದ ಚಿತ್ರದಲ್ಲಿ ಒಂದು ತುದಿ ಹಿರಿದಾಗಿಯೂ ಇನ್ನೊಂದು ಕಿರಿದಾಗಿಯೂ ಬರುತ್ತದೆ. 1822ರಲ್ಲಿ ಪ್ರಕಟವಾದ ಪಾನ್ಸ್‌ಲೆಯ ಗ್ರಂಥದಿಂದ ವ್ಯವಸ್ಥಿತ ಶಾಸ್ತ್ರವಾಗಿ ಬೆಳೆದ ಪ್ರಕ್ಷೇಪ ರೇಖಾಗಣಿತವು ಇದಕ್ಕೆ ಪರಿಹಾರ ಒದಗಿಸುತ್ತದೆ. ಒಂದೇ ಸಮತಲದಲ್ಲಿರುವ ನಾಲ್ಕು ಬಿಂದುಗಳ, ಅವುಗಳಲ್ಲಿ ಯಾವ ಮೂರೂ ಒಂದೇ ಗೆರೆಯ ಮೇಲಿಲ್ಲದಂತೆ, ನಿಜಸ್ಥಾನ ತಿಳಿದಿದ್ದರೆ ಓರೆಯಾದ ಆ ಸಮತಲವನ್ನು ಪೂರ್ತಿಯಾಗಿ ನೇರಗೊಳಿಸಬಹುದು. ಗಣಕದ ತಂತ್ರಾಂಶಗಳು ಇಂದು ಮಾಡುವುದು ಈ ಕೆಲಸವನ್ನೇ.

ಉಬ್ಬಿದ ಮೂತಿ, ದುಂಡಾದ ಮೂಲೆಗಳ ವಿಷಯದಲ್ಲಿ ಚಿತ್ರ ಸೋಲುತ್ತದೆ. ಬಾಗಿದ ತಗಡಿನ ಉದ್ದವನ್ನು ಅದು ಕಡಿಮೆ ಮಾಡಿ ತೋರಿಸುತ್ತದೆ. ಅಲ್ಲಿ ಕಾಗದವನ್ನು ಮೈಗೆ ಅಂಟಿಸಿ ಗುರುತು ಹಾಕಿಕೊಳ್ಳುವುದೊಂದೇ ದಾರಿ. ಎಡ ಪಕ್ಕದ ಚಿತ್ರವನ್ನು ಕನ್ನಡಿಯಲ್ಲಿ ತಿರುಗಿಸಿದಂತೆ ಮಗುಚಿ ಬಲ ಪಕ್ಕಕ್ಕೆ ಬಳಸುವುದೂ ಅಪಾಯಕರ. ಪ್ರಯಾಣಿಕರ ಬಾಗಿಲು ಎಡಗಡೆ ಮಾತ್ರ ಇರುವ ಬಸ್ಸಿನ ಎರಡು ಪಕ್ಕಗಳು ಎಂದೂ ಒಂದೇ ಆಗಿರುವುದಿಲ್ಲ. ಚಿತ್ರದಿಂದ ಪಡೆದ ಪಟವನ್ನು ವಾಹನದ ಮೇಲೆ ಅಡ್ಡಲಾಗಿ ಒಂದು, ಉದ್ದಕ್ಕೆ ಒಂದು ನಿಜವಾದ ಅಳತೆಯಿಂದ ತಾಳೆ ನೋಡಿದ ಮೇಲೆಯೇ ಅದು ಅಳತೆಪಟವಾಗುತ್ತದೆ.

ಯಂತ್ರ ಮತ್ತು ಲಿಪಿಯ ಅಂತಸ್ತು

1980ರ ದಶಕದ ಆರಂಭದಲ್ಲಿ ಅಮೆರಿಕದ ಗರ್ಬರ್ ಸೈಂಟಿಫಿಕ್ ಸಂಸ್ಥೆಯು ಅಂಟುಹಾಳೆಯನ್ನು ಅಕ್ಷರದ ಆಕಾರಕ್ಕೆ ಕತ್ತರಿಸುವ ಗಣಕಚಾಲಿತ ಯಂತ್ರವನ್ನು ಫಲಕೋದ್ಯಮಕ್ಕೆ ತಂದಿತು. 1989ರಲ್ಲಿ ಕೋರೆಲ್‌ಡ್ರಾ ತಂತ್ರಾಂಶ ಬಂದಿತು. ಮುಂದಿನ ದಶಕಗಳಲ್ಲಿ ಈ ಬಗೆಯ ಯಂತ್ರವೂ ತಂತ್ರಾಂಶವೂ ಭಾರತದ ಸಣ್ಣ ಪಟ್ಟಣಗಳ ಸ್ಟಿಕರ್ ಅಂಗಡಿಗಳನ್ನು ತಲುಪಿದವು. ಹೊಳೆಯುವ ಹಾಳೆಗೆ ಕನ್ನಡದ ಬೀದಿಗಳಲ್ಲಿ ‘ರೇಡಿಯಂ’ ಎಂಬ ಹೆಸರೇ ನಿಂತಿತು. ಅದಕ್ಕೂ ಆ ಹೆಸರಿನ ಧಾತುವಿಗೂ ಸಂಬಂಧವಿಲ್ಲ. ಪೇಂಟರನ ಗೆರೆಯ ಜಾಗದಲ್ಲಿ ಛಾಯಾಚಿತ್ರದಿಂದ ತೆಗೆದ ರೇಖಾಪಟ ಬಂದಿತು. ಆ ಪಟದ ಮೇಲೆ ಅಕ್ಷರಗಳನ್ನು ಹಿಗ್ಗಿಸಿ ಕುಗ್ಗಿಸಿ ಕೂರಿಸುವುದು ಕೆಲವು ನಿಮಿಷಗಳ ಕೆಲಸವಾಯಿತು.

ಲಿಪಿಗಳ ನಡುವಿನ ಅಸಮತೆ ಪ್ರವೇಶಿಸುವುದು ಇಲ್ಲಿ. ರೋಮನ್ ದೊಡ್ಡಕ್ಷರಗಳು ಎರಡು ಗೆರೆಗಳ ನಡುವೆ ನಿಲ್ಲುತ್ತವೆ. ಕನ್ನಡಕ್ಕೆ ಬೇಕಾದುದು ನಾಲ್ಕು ಗೆರೆಗಳು: ಗುಡಿಸು, ಏತ್ವಗಳ ತುದಿ ಮುಟ್ಟುವ ಮೇಲಿನ ಗೆರೆ, ತಲೆಕಟ್ಟಿನ ಗೆರೆ, ಅಕ್ಷರದ ತಳದ ಗೆರೆ ಮತ್ತು ಒತ್ತಿನ ತಳದ ಗೆರೆ. ತಂತ್ರಾಂಶವು ಪದವೊಂದರ ಎತ್ತರವನ್ನು ಲೆಕ್ಕಹಾಕುವಾಗ ಮೇಲ್ತುದಿಯಿಂದ ಒತ್ತಿನ ತಳದವರೆಗೆ ಒಂದೇ ಪೆಟ್ಟಿಗೆಯೆಂದು ಭಾವಿಸುತ್ತದೆ. ಎಲ್ಲ ಪದಗಳನ್ನೂ ಒಂದೇ ಎತ್ತರಕ್ಕೆ ತರಬೇಕೆಂದು ಆಜ್ಞೆ ಕೊಟ್ಟರೆ ಒತ್ತಿರುವ ಪದದ ಮೂಲಾಕ್ಷರ ಕುಗ್ಗುತ್ತದೆ, ಒತ್ತಿಲ್ಲದ ಪದದ ಮೂಲಾಕ್ಷರ ಹಿಗ್ಗುತ್ತದೆ. ಕಾಸರಗೋಡು ಜಿಲ್ಲೆಯ ಊರುಗಳ ಹೆಸರನ್ನೇ ತೆಗೆದುಕೊಳ್ಳಬಹುದು. ‘ಕಾಸರಗೋಡು’, ‘ಕುಂಬಳೆ’ ಎಂಬ ಹೆಸರುಗಳಲ್ಲಿ ಒತ್ತುಗಳಿಲ್ಲ. ‘ಉಪ್ಪಳ’, ‘ಮಂಜೇಶ್ವರ’, ‘ಬದಿಯಡ್ಕ’, ‘ಮುಳ್ಳೇರಿಯ’ಗಳಲ್ಲಿ ಇವೆ. ಕಾಸರಗೋಡಿಗೆ ಹೊಂದಿಸಿದ ಪಟ್ಟಿಯಲ್ಲಿ ಬದಿಯಡ್ಕವನ್ನು ಕೂರಿಸಿದಾಗ ಅದು ಕಿರಿಯ ಊರಿನಂತೆ ತೋರುತ್ತದೆ.

ನೆರೆಯ ಲಿಪಿಗಳೊಡನೆ ಹೋಲಿಸಿದರೆ ಈ ಪ್ರಶ್ನೆ ಒಂದೊಂದು ಗಡಿಯಲ್ಲಿ ಒಂದೊಂದು ರೂಪ ತಾಳುತ್ತದೆ. ಕೇರಳದಲ್ಲಿ 1971ರ ಲಿಪಿ ಸುಧಾರಣೆಯು ಬೆರಳಚ್ಚು, ಮುದ್ರಣಗಳ ಅನುಕೂಲಕ್ಕಾಗಿ ಮಲಯಾಳದ ಹಲವು ಕೂಡಕ್ಷರಗಳನ್ನು ಬಿಡಿಸಿ, ಉಕಾರಾದಿ ಚಿಹ್ನೆಗಳನ್ನು ಅಕ್ಷರದಿಂದ ಬೇರ್ಪಡಿಸಿ ಒಂದೇ ಸಾಲಿನಲ್ಲಿ ಇರಿಸಿತು. ಕನ್ನಡದಲ್ಲಿ ಒತ್ತುಗಳು ಕೆಳಗೇ ಉಳಿದವು. ಹೀಗಾಗಿ ಕಾಸರಗೋಡಿನ ದ್ವಿಭಾಷಾ ಫಲಕದಲ್ಲಿ ಎರಡು ಲಿಪಿಗಳಿಗೆ ಸಮಾನ ಪಟ್ಟಿ ಕೊಟ್ಟರೂ ಸಮಾನ ಗಾತ್ರದ ಅಕ್ಷರ ದೊರೆಯುವುದೆಂಬ ಭರವಸೆಯಿಲ್ಲ. ತಮಿಳಿನಲ್ಲಿ ಸ್ವರವಿಲ್ಲದ ವ್ಯಂಜನಕ್ಕೆ ಮೇಲೆ ಚುಕ್ಕೆಯಿಡುವುದರಿಂದ ಒತ್ತುಗಳ ಅಂತಸ್ತಿನ ಪ್ರಶ್ನೆಯೇ ಇಲ್ಲ. ‘ಹೊಸೂರು’, ‘ತಾಳವಾಡಿ’ ಎಂಬ ಹೆಸರುಗಳಲ್ಲಿ ಕನ್ನಡಕ್ಕೂ ಆ ತೊಂದರೆ ಬಾರದು; ಅಂಗಡಿ, ಶಾಲೆ, ಸಂಘಗಳ ಹೆಸರು ಬರೆಯುವಾಗ ಬರುತ್ತದೆ. ಮರಾಠಿಯ ದೇವನಾಗರಿಯಲ್ಲಿ ಕೂಡಕ್ಷರಗಳು ಹೆಚ್ಚಾಗಿ ಅಡ್ಡಲಾಗಿ ಸೇರುತ್ತವೆ, ಉಕಾರ ಮಾತ್ರ ಕೆಳಗಿಳಿಯುತ್ತದೆ. ಮರಾಠಿಯ ‘ಸೋಲಾಪೂರ’ದಲ್ಲಿ ಊಕಾರ ಕೆಳಗಿದ್ದರೆ ಕನ್ನಡದ ‘ಸೊಲ್ಲಾಪುರ’ದಲ್ಲಿ ಲಕಾರದ ಒತ್ತು ಕೆಳಗಿದೆ, ಇಲ್ಲಿ ಎರಡೂ ಲಿಪಿಗಳು ಒಂದೇ ಪ್ರಮಾಣದ ಜಾಗ ಕೇಳುತ್ತವೆ. ‘ಜತ್ತ’ದಲ್ಲಿ ಹಾಗಲ್ಲ. ಮರಾಠಿಯಲ್ಲಿ ಅದು ಎರಡು ಸರಳ ಅಕ್ಷರಗಳ ಹೆಸರು, ಕನ್ನಡದಲ್ಲಿ ಒತ್ತಿನ ಹೆಸರು. ಆಂಧ್ರದ ಗಡಿಯಲ್ಲಿ ಪರಿಸ್ಥಿತಿ ಬೇರೆಯದು. ತೆಲುಗು ಲಿಪಿಯೂ ಒತ್ತುಗಳನ್ನು ಕೆಳಗೆ ಇಡುವುದರಿಂದ ತೆಲುಗಿಗೆಂದು ರೂಪಿಸಿದ ಅಳತೆಪಟದಲ್ಲಿ ಕನ್ನಡ ಸಲೀಸಾಗಿ ಕೂರುತ್ತದೆ. ‘ರಾಯದುರ್ಗ’ದಲ್ಲಿ ಕನ್ನಡದ ಅರ್ಕಾವೊತ್ತು ಬಲಕ್ಕೆ ನಿಲ್ಲುತ್ತದೆ, ತೆಲುಗಿನಲ್ಲಿ ಗಕಾರ ಕೆಳಗಿಳಿಯುತ್ತದೆ, ಅಲ್ಲಿ ಹೆಚ್ಚಿನ ಎತ್ತರ ಬೇಕಾಗುವುದು ತೆಲುಗಿಗೇ.

ಇದರ ಪರಿಣಾಮವನ್ನು ಲೆಕ್ಕದಲ್ಲಿ ಹೇಳಬಹುದು. ಒಂದು ಪಟ್ಟಿಯಲ್ಲಿ ಅಕ್ಷರಕ್ಕೆ ದೊರೆಯುವ ಎತ್ತರ 120 ಮಿ.ಮೀ. ಎಂದುಕೊಂಡರೆ ಒತ್ತಿಲ್ಲದ ಲಿಪಿಯ ಅಕ್ಷರ ಅಷ್ಟನ್ನೂ ಬಳಸಿಕೊಳ್ಳುತ್ತದೆ. ಮೂರರಲ್ಲಿ ಒಂದು ಪಾಲನ್ನು ಒತ್ತಿಗೆ ಬಿಟ್ಟುಕೊಡಬೇಕಾದ ಕನ್ನಡದ ಮೂಲಾಕ್ಷರ 80 ಮಿ.ಮೀ.ಗೆ ಇಳಿಯುತ್ತದೆ. ಕಣ್ಣಿಗೆ ಅಕ್ಷರ ಕಾಣುವ ಗಾತ್ರವು ದೂರಕ್ಕೆ ಅನುಸಾರವಾಗಿ ಕುಗ್ಗುವುದರಿಂದ, ಮೊದಲನೆಯದನ್ನು 30 ಮೀಟರ್ ದೂರದಿಂದ ಓದಬಲ್ಲವನು ಎರಡನೆಯದನ್ನು ಅಷ್ಟೇ ಸ್ಪಷ್ಟವಾಗಿ ಓದಲು 20 ಮೀಟರಿನಷ್ಟು ಹತ್ತಿರ ಬರಬೇಕಾಗುತ್ತದೆ. ಬರುತ್ತಿರುವ ಬಸ್ಸಿಗೆ ಕೈಯೆತ್ತಬೇಕಾದ ಮುದುಕಿಗೆ ಈ 10 ಮೀಟರಿನ ಅಂತರ ಸಣ್ಣದಲ್ಲ. ದೀಪಬಿಂದುಗಳ ಎಲೆಕ್ಟ್ರಾನಿಕ್ ಬೋರ್ಡಿನಲ್ಲಿ ಸಮಸ್ಯೆ ಇನ್ನೂ ಬಿಗಿಯಾಗುತ್ತದೆ. ಮೇಲಿನಿಂದ ಕೆಳಕ್ಕೆ ಹದಿನಾರು ಸಾಲು ಬಿಂದುಗಳಷ್ಟೇ ಇದ್ದರೆ ಗುಡಿಸು, ಮೂಲಾಕ್ಷರ, ಒತ್ತು ಮೂರೂ ಅವುಗಳನ್ನೇ ಹಂಚಿಕೊಳ್ಳಬೇಕು.

ಅಕ್ಷರಗಳ ಸಂಕೇತವೂ ಇದೇ ಕಾಲದಲ್ಲಿ ತೊಡಕನ್ನು ಹೆಚ್ಚಿಸಿತು. 1991ರಲ್ಲಿ ಭಾರತೀಯ ಲಿಪಿಗಳ ರಾಷ್ಟ್ರೀಯ ಮಾನಕವಾದ ಇಸ್ಕಿ ಬಂದಿತು. ಅದೇ ವರ್ಷ ಯೂನಿಕೋಡಿನ ಮೊದಲ ಆವೃತ್ತಿಯಲ್ಲಿ ಕನ್ನಡಕ್ಕೆ ಸ್ಥಾನ ದೊರೆಯಿತು. ಆದರೂ ಮುದ್ರಣ ಮತ್ತು ಫಲಕಗಳ ಅಂಗಡಿಗಳಲ್ಲಿ ಬಹುಕಾಲ ನಡೆದುದು ಒಂದೊಂದು ಸಂಸ್ಥೆಯ ಒಂದೊಂದು ಬಗೆಯ ಸಂಕೇತವಿದ್ದ ಅಕ್ಷರಗಳೇ. ಕರ್ನಾಟಕದ ಒಂದು ಊರಿನಲ್ಲಿ ಸಿದ್ಧವಾದ ಕಡತವನ್ನು ಗಡಿಯಾಚೆಯ ಅಂಗಡಿಯಲ್ಲಿ ತೆರೆದರೆ, ಅಲ್ಲಿ ಆ ಅಕ್ಷರಮಾದರಿ ಇಲ್ಲದಿದ್ದಾಗ, ಅರ್ಥವಿಲ್ಲದ ಗುರುತುಗಳು ಕಾಣಿಸುತ್ತಿದ್ದವು. ಅದನ್ನು ತಪ್ಪಿಸಲು ಅಕ್ಷರಗಳನ್ನು ಕಳುಹಿಸುವ ಮುನ್ನವೇ ಬರಿಯ ರೇಖೆಗಳನ್ನಾಗಿ ಪರಿವರ್ತಿಸುವ ಪದ್ಧತಿ ಬೆಳೆಯಿತು. ಹಾಗೆ ಪರಿವರ್ತಿಸಿದ ಪದದಲ್ಲಿ ಒಂದು ದೀರ್ಘ ತಪ್ಪಿದ್ದರೂ ಕನ್ನಡ ಬಾರದ ಕೆಲಸಗಾರನಿಗೆ ಅದು ತಿಳಿಯುವುದಿಲ್ಲ. ತಿಳಿದರೂ ತಿದ್ದಲು ಬರುವುದಿಲ್ಲ. ಕತ್ತರಿಸಿದ ಹಾಳೆಯಿಂದ ಬೇಡದ ಭಾಗವನ್ನು ಕಿತ್ತು ತೆಗೆಯುವಾಗ ಸಣ್ಣ ಒತ್ತುಗಳೂ ದೀರ್ಘದ ತುಣುಕುಗಳೂ ಜೊತೆಯಲ್ಲೇ ಎದ್ದು ಬರುವುದುಂಟು. ಚಿಕ್ಕದಾಗಿ ಬರೆದ ಕನ್ನಡ ತಪ್ಪಾಗಿ ಬರೆದ ಕನ್ನಡವಾಗುವುದು ಹೀಗೆ.

ಕಾನೂನು ಅಳೆದುದು, ಅಳೆಯದುದು

ವಾಹನದ ಮೇಲಿನ ಬರಹಕ್ಕೆ ಕಾನೂನು ಅಳತೆಯನ್ನೇ ಗೊತ್ತುಮಾಡಿಲ್ಲವೆಂದಲ್ಲ. 1989ರ ಕೇಂದ್ರ ಮೋಟಾರು ವಾಹನಗಳ ನಿಯಮಗಳು ನೋಂದಣಿ ಸಂಖ್ಯೆಯ ಅಕ್ಷರಗಳು ಇಂಗ್ಲಿಷಿನಲ್ಲಿರಬೇಕೆಂದು ಹೇಳಿ, ಬಸ್ಸು, ಲಾರಿ, ಕಾರುಗಳಂಥ ವಾಹನಗಳಿಗೆ ಅಕ್ಷರದ ಎತ್ತರ 65 ಮಿ.ಮೀ., ದಪ್ಪ 10 ಮಿ.ಮೀ., ಅಂತರ 10 ಮಿ.ಮೀ. ಎಂದು ನಿಗದಿಪಡಿಸಿವೆ. ಪ್ರವಾಸಿ ಬಸ್ಸುಗಳಿಗೆ ಬಿಳಿಯ ಬಣ್ಣ, ನಡುವೆ 5 ಸೆಂ.ಮೀ. ಅಗಲದ ನೀಲಿ ಪಟ್ಟಿ, ಎರಡೂ ಪಕ್ಕಗಳಲ್ಲಿ 60 ಸೆಂ.ಮೀ. ವ್ಯಾಸದ ವೃತ್ತದೊಳಗೆ ‘ಟೂರಿಸ್ಟ್’ ಎಂಬ ಪದ ಇರಬೇಕೆಂಬ ವಿಧಿಯೂ ಅವುಗಳಲ್ಲಿದೆ. ಅಳತೆಪಟವನ್ನು ರಚಿಸುವವನು ಮೊದಲು ಗುರುತಿಸಿ ಬಿಡಬೇಕಾದ ಜಾಗಗಳಿವು. ಉಳಿದ ಜಾಗದಲ್ಲಿ ಉಳಿದ ಬರಹ.

ಇನ್ನೊಂದೆಡೆ ಭಾಷಾ ಅಲ್ಪಸಂಖ್ಯಾತರ ರಕ್ಷಣೆಯ ಉಪಬಂಧಗಳಿವೆ. ರಾಜ್ಯಗಳ ಪುನರ್ವಿಂಗಡಣೆಯ ವರ್ಷವಾದ 1956ರಲ್ಲಿ ಏಳನೆಯ ತಿದ್ದುಪಡಿಯ ಮೂಲಕ ಸಂವಿಧಾನದ 350ಎ ಮತ್ತು 350ಬಿ ವಿಧಿಗಳು ಸೇರಿದವು. ಅದೇ ವರ್ಷದ ಕೇಂದ್ರ ಸರ್ಕಾರದ ಜ್ಞಾಪನಪತ್ರವು ಜನಸಂಖ್ಯೆಯಲ್ಲಿ ಶೇ. 15ರಿಂದ 20ರಷ್ಟು ಭಾಷಾ ಅಲ್ಪಸಂಖ್ಯಾತರಿರುವ ಪ್ರದೇಶಗಳಲ್ಲಿ ಮುಖ್ಯ ಪ್ರಕಟಣೆಗಳು ಅವರ ಭಾಷೆಯಲ್ಲೂ ಇರಬೇಕೆಂದಿತು. ಕೇರಳದ 1969ರ ಅಧಿಕೃತ ಭಾಷಾ ಶಾಸನವು ಅಲ್ಲಿನ ಕನ್ನಡಿಗರಿಗೆ ರಾಜ್ಯ ಸರ್ಕಾರದೊಡನೆ ತಮ್ಮ ಭಾಷೆಯಲ್ಲಿ ಪತ್ರವ್ಯವಹಾರ ನಡೆಸುವ ಅವಕಾಶವನ್ನು ಕೊಟ್ಟಿತು. ಈ ಉಪಬಂಧಗಳು ಭಾಷಿಕರನ್ನು ಶೇಕಡಾವಾರು ಎಣಿಸುತ್ತವೆ. ಲಿಪಿಯನ್ನು ಮಿಲಿಮೀಟರಿನಲ್ಲಿ ಎಣಿಸುವುದಿಲ್ಲ. ನೋಂದಣಿ ಫಲಕದ ರೋಮನ್ ಅಕ್ಷರ 65 ಮಿ.ಮೀ.ಗಿಂತ ಕಿರಿದಾದರೆ ಅದು ನಿಯಮಭಂಗ. ಊರಿನ ಹೆಸರಿನ ಕನ್ನಡ ಅಕ್ಷರ ಎಷ್ಟು ಕಿರಿದಾದರೂ ‘ಕನ್ನಡದಲ್ಲೂ ಇದೆ’ ಎಂಬ ಉತ್ತರಕ್ಕೆ ಭಂಗವಿಲ್ಲ. ‘ಇದೆ’ ಎಂಬುದಕ್ಕೂ ‘ಓದಬಹುದು’ ಎಂಬುದಕ್ಕೂ ನಡುವಿನ ಅಂತರವು ಅಳತೆಪಟದ ಮೇಲೆ ಮಾತ್ರ ಕಣ್ಣಿಗೆ ಬೀಳುತ್ತದೆ.

ಹಿಮ್ಮುಖವಾಗಿ ಓದುವುದು

ಕನ್ನಡದ ಚರಿತ್ರೆಗೆ ಶಾಸನಗಳು ಆಧಾರವಾದುದು ಅವು ಕಲ್ಲಿನ ಮೇಲಿದ್ದ ಕಾರಣಕ್ಕಷ್ಟೇ ಅಲ್ಲ. ಬಿ.ಎಲ್. ರೈಸ್ ಅವರ ನೇತೃತ್ವದಲ್ಲಿ 1886ರಿಂದ ಪ್ರಕಟವಾಗತೊಡಗಿದ ‘ಎಪಿಗ್ರಾಫಿಯಾ ಕರ್ನಾಟಿಕ’ದಂಥ ಸಂಪುಟಗಳು ಅವುಗಳ ಪಾಠವನ್ನು ಕ್ರಮವಾಗಿ ಸಂಗ್ರಹಿಸಿದವು. ಶಾಸನಶೋಧಕರು ಒದ್ದೆ ಕಾಗದವನ್ನು ಕಲ್ಲಿಗೆ ಒತ್ತಿ ಮಸಿಯಿಂದ ತೆಗೆಯುವ ಪಡಿಯಚ್ಚು ಅಕ್ಷರದ ರೂಪವನ್ನೂ ನಿಜವಾದ ಗಾತ್ರವನ್ನೂ ಒಟ್ಟಿಗೆ ಉಳಿಸುತ್ತದೆ. ವಾಹನಬರಹಕ್ಕೆ ಅಂಥ ಪಡಿಯಚ್ಚಿಲ್ಲ. ಬಸ್ಸು ಗುಜರಿಗೆ ಹೋದಾಗ ಬರಹವೂ ಹೋಗುತ್ತದೆ. ಅದಕ್ಕೂ ಮುಂಚೆ ಮರುಬಣ್ಣವೋ ಜಾಹೀರಾತಿನ ಹಾಳೆಯೋ ಅದನ್ನು ಮುಚ್ಚಿರುತ್ತದೆ. ಉಳಿಯುವುದು ಛಾಯಾಚಿತ್ರ ಮಾತ್ರ: ಮನೆಯ ಆಲ್ಬಮ್ಮಿನಲ್ಲಿ ಬಸ್ಸಿನ ಮುಂದೆ ನಿಂತ ಮದುವೆಯ ದಿಬ್ಬಣ, ಶಾಲೆಯ ಪ್ರವಾಸದ ಗುಂಪು, ಪತ್ರಿಕೆಯ ಚಿತ್ರ, ಗ್ಯಾರೇಜಿನ ಗೋಡೆಯ ಮೇಲಿನ ಪಟ.

ಅಳತೆಪಟದ ವಿದ್ಯೆಯನ್ನು ಹಿಮ್ಮುಖವಾಗಿ ನಡೆಸಿದರೆ ಈ ಚಿತ್ರಗಳು ಅಳೆಯಬಹುದಾದ ದಾಖಲೆಗಳಾಗುತ್ತವೆ. ಬಸ್ಸಿನ ಪಕ್ಕವನ್ನು ನೇರವಾಗಿ ತೋರಿಸುವ ಹಳೆಯ ಚಿತ್ರವೊಂದರಲ್ಲಿ ಚಕ್ರವೇ ಅಳತೆಗೋಲು. ಭಾರತದ ಬಸ್ಸು, ಲಾರಿಗಳಲ್ಲಿ ವ್ಯಾಪಕವಾಗಿ ಬಳಕೆಯಾದ 10.00-20 ಗಾತ್ರದ ಟಯರಿನ ವ್ಯಾಸ ಸುಮಾರು 1,050 ಮಿ.ಮೀ. ಚಿತ್ರದಲ್ಲಿ ಅದು 21 ಮಿ.ಮೀ. ಇದ್ದರೆ ಪ್ರಮಾಣ 1:50. ಪಕ್ಕದ ಬರಹದಲ್ಲಿ 3 ಮಿ.ಮೀ. ಇರುವ ಅಕ್ಷರದ ನಿಜವಾದ ಎತ್ತರ ಸುಮಾರು 150 ಮಿ.ಮೀ. ಭಾರದಿಂದ ಟಯರಿನ ತಳ ಚಪ್ಪಟೆಯಾಗುವುದರಿಂದ ವ್ಯಾಸವನ್ನು ಅಡ್ಡಲಾಗಿ ಅಳೆಯಬೇಕು. ಇಷ್ಟು ಚಿಕ್ಕ ಚಿತ್ರದಲ್ಲಿ ಅಕ್ಷರವನ್ನು ಅಳೆಯುವಾಗ ಅರ್ಧ ಮಿಲಿಮೀಟರ್ ತಪ್ಪಿದರೂ ಫಲಿತಾಂಶ 25 ಮಿ.ಮೀ. ವ್ಯತ್ಯಾಸವಾಗುತ್ತದೆ. ಆದ್ದರಿಂದ 150 ಎಂದು ಬರೆಯದೆ 125ರಿಂದ 175ರ ನಡುವೆ ಎಂದು ಬರೆಯುವುದೇ ಪ್ರಾಮಾಣಿಕ ಕ್ರಮ.

ವಾಹನದ ಮುಂಭಾಗದ ಬೋರ್ಡಿಗೆ ಚಕ್ರದ ಅಳತೆ ಸಲ್ಲದು, ಎರಡೂ ಬೇರೆ ಸಮತಲಗಳಲ್ಲಿವೆ. ಅಲ್ಲಿ ನೆರವಿಗೆ ಬರುವುದು ನೋಂದಣಿ ಫಲಕ. 1989ರ ನಂತರದ ವಾಹನದಲ್ಲಿ ನಿಯಮದಂತೆ ಬರೆದ 65 ಮಿ.ಮೀ. ಅಕ್ಷರವು ಗಣಕಕ್ಕಿಳಿಸಿದ ಚಿತ್ರದಲ್ಲಿ 26 ಬಿಂದುಗಳಷ್ಟಿದ್ದರೆ ಒಂದು ಬಿಂದು 2.5 ಮಿ.ಮೀ.ಗೆ ಸಮ. ಬೋರ್ಡಿನ ಕನ್ನಡ ಮೂಲಾಕ್ಷರ 60 ಬಿಂದುಗಳಿದ್ದರೆ ಅದು 150 ಮಿ.ಮೀ. ಎಂದಾಯಿತು. ಫಲಕ ಕೆಳಗೆ ಮುಂದಕ್ಕಿದ್ದು ಬೋರ್ಡು ಮೇಲೆ ಹಿಂದಕ್ಕಿರುವುದರಿಂದ ಈ ಲೆಕ್ಕಕ್ಕೆ ಆಳದ ತಿದ್ದುಪಡಿ ಬೇಕು; ಪೇಂಟರು ನಿಯಮವನ್ನು ಅಕ್ಷರಶಃ ಪಾಲಿಸಿದ್ದನೆಂದು ಊಹಿಸುವಂತೆಯೂ ಇಲ್ಲ. ಹೊಸ ವಾಹನಗಳಿಗೆ 2019ರ ಏಪ್ರಿಲ್ 1ರಿಂದ ಕಡ್ಡಾಯವಾದ ಅತಿಸುರಕ್ಷಿತ ಫಲಕವು ಕಾರ್ಖಾನೆಯಲ್ಲಿ ಅಚ್ಚೊತ್ತಿದುದಾದ್ದರಿಂದ ಹೆಚ್ಚು ನಂಬಲರ್ಹ. ಭಾರಿ ವಾಣಿಜ್ಯ ವಾಹನಗಳಲ್ಲಿ ಅದರ ಅಳತೆ 340 × 200 ಮಿ.ಮೀ.; ಓರೆಯನ್ನು ನೇರಗೊಳಿಸಲು ಬೇಕಾದ ನಾಲ್ಕು ಬಿಂದುಗಳು ಅದರ ನಾಲ್ಕು ಮೂಲೆಗಳಲ್ಲೇ ದೊರೆಯುತ್ತವೆ, ಬರಹವು ಅದೇ ಸಮತಲಕ್ಕೆ ಸಮೀಪವಾಗಿರಬೇಕಷ್ಟೆ. ಪ್ರವಾಸಿ ಬಸ್ಸಿನ 60 ಸೆಂ.ಮೀ. ವೃತ್ತವಂತೂ ಪಕ್ಕದ ಬರಹದ ಸಮತಲದಲ್ಲೇ ಇರುವ ಅಳತೆಗೋಲು. ಚಿತ್ರದಲ್ಲಿ ಅದು ಅಂಡಾಕಾರವಾಗಿ ಕಂಡರೆ ಕ್ಯಾಮೆರಾ ಓರೆಯಾಗಿತ್ತೆಂಬುದೂ ತಿಳಿಯುತ್ತದೆ. ಕನ್ನಡಕ್ಕೆ ಅಳತೆಯನ್ನೇ ಹೇಳದ ನಿಯಮಗಳು ಹೀಗೆ ಕನ್ನಡವನ್ನು ಅಳೆಯುವ ಸಾಧನವನ್ನು ಕೊಟ್ಟಿವೆ.

ಇಂಥ ಅಳತೆಗಳಿಂದ ಸಂಶೋಧನೆಗೆ ಆಗುವ ಲಾಭ ನಿರ್ದಿಷ್ಟವಾದುದು. ‘ಮೊದಲು ಕನ್ನಡ ಬೋರ್ಡುಗಳಿದ್ದವು, ಈಗ ಕಡಿಮೆಯಾಗಿವೆ’ ಎಂಬ ಹಿರಿಯರ ಮಾತು ನೆನಪಾಗಿ ಉಳಿಯುತ್ತದೆ. ಅದನ್ನು ಒಪ್ಪುವವರೂ ಇರುತ್ತಾರೆ, ಅಲ್ಲಗಳೆಯುವವರೂ ಇರುತ್ತಾರೆ. ಒಂದೇ ಮಾರ್ಗದ ಬಸ್ಸುಗಳ ಬೇರೆಬೇರೆ ದಶಕಗಳ ಚಿತ್ರಗಳಲ್ಲಿ ಎರಡು ಲಿಪಿಗಳ ಮೂಲಾಕ್ಷರದ ಎತ್ತರ, ಒಟ್ಟು ಜಾಗ, ಮೇಲು ಕೆಳಗಿನ ಕ್ರಮಗಳನ್ನು ಅಳೆದು ಕೋಷ್ಟಕ ಮಾಡಿದರೆ ಆ ಮಾತು ಪರೀಕ್ಷೆಗೆ ಒಳಪಡುತ್ತದೆ. ಕನ್ನಡ ಕುಗ್ಗಿದ್ದರೆ ಯಾವಾಗ ಕುಗ್ಗಿತು, ರಾಜ್ಯದ ಗಡಿ ಬದಲಾದಾಗಲೋ, ಕುಂಚದ ಜಾಗಕ್ಕೆ ಯಂತ್ರ ಬಂದಾಗಲೋ ಎಂಬುದನ್ನೂ ಬೇರ್ಪಡಿಸಿ ನೋಡಬಹುದು. ಈ ಎರಡು ಕಾರಣಗಳಿಗೆ ಪರಿಹಾರಗಳೂ ಬೇರೆ. ಮೊದಲನೆಯದಕ್ಕೆ ಆಡಳಿತದ ಬಾಗಿಲು ತಟ್ಟಬೇಕಾಗುತ್ತದೆ. ಎರಡನೆಯದಕ್ಕೆ ಅಳತೆಪಟದ ಮೇಲೆ ಕನ್ನಡದ ನಾಲ್ಕು ಗೆರೆಗಳನ್ನು ಎಳೆದು, ಎರಡೂ ಲಿಪಿಗಳ ಮೂಲಾಕ್ಷರಗಳನ್ನು ಸಮಗಾತ್ರಕ್ಕೆ ತಂದು, ಒತ್ತಿಗೆ ಪ್ರತ್ಯೇಕ ಜಾಗ ಬಿಟ್ಟರೆ ಸಾಕಾಗಬಹುದು. ವ್ಯತ್ಯಾಸ ತಿಳಿಯದೆ ಒಂದರ ದೂರನ್ನು ಇನ್ನೊಂದರ ಕಚೇರಿಗೆ ಒಯ್ದರೆ ಎರಡೂ ಕೆಡುತ್ತವೆ.

ಈಗ ಓಡುತ್ತಿರುವ ವಾಹನಗಳ ವಿಷಯದಲ್ಲಿ ಕೆಲಸ ಇನ್ನೂ ಸುಲಭ. ಮರುಬಣ್ಣಕ್ಕೆ ಹೋಗುವ ಮುನ್ನ ಎರಡು ಪಕ್ಕ, ಮುಂದು, ಹಿಂದು ಎಂದು ನಾಲ್ಕು ಚಿತ್ರಗಳನ್ನು ಸಾಕಷ್ಟು ದೂರದಿಂದ, ನೇರವಾಗಿ, ಬರಹದ ಪಕ್ಕದಲ್ಲಿ ಒಂದು ಮೀಟರ್ ಕೋಲನ್ನು ಹಿಡಿಸಿ ತೆಗೆದು, ಮಾರ್ಗ, ದಿನಾಂಕ, ವೀಲ್‌ಬೇಸ್ ಬರೆದಿಟ್ಟರೆ ಅದು ಆ ವಾಹನದ ಪಡಿಯಚ್ಚಾಗುತ್ತದೆ. ನೋಂದಣಿ ಸಂಖ್ಯೆಯ ಮೂಲಕ ಮಾಲೀಕರ ಗುರುತು ಬಯಲಾಗುವ ಸಂದರ್ಭವಿದ್ದರೆ ಅಳತೆ ಮುಗಿದ ಮೇಲೆ ಸಂಗ್ರಹದ ಪ್ರತಿಯಲ್ಲಿ ಅದನ್ನು ಮರೆಮಾಡಬಹುದು. ಮೈಡೆನ್‌ಬಾವರನ ಸಂಗ್ರಹದಲ್ಲಿದ್ದವು ನೂರಾರು ವರ್ಷ ಬಾಳುವುದಕ್ಕೆ ಕಟ್ಟಿದ ಕಟ್ಟಡಗಳು. ಅವುಗಳಲ್ಲಿ ಹಲವು ಬಾಳಲಿಲ್ಲ, ಚಿತ್ರಗಳು ಬಾಳಿದವು. ಗಡಿಯ ಬಸ್ಸಿನ ಬರಹಕ್ಕೆ ಅಷ್ಟು ಆಯುಷ್ಯದ ನಿರೀಕ್ಷೆಯೇ ಇಲ್ಲ. ಮುಂದಿನ ಬಣ್ಣದವರೆಗೆ ಅದು ಇರುತ್ತದೆ. ಅಳೆಯುವ ಕೆಲಸಕ್ಕೆ ಇರುವ ಅವಧಿಯೂ ಅಷ್ಟೇ.